ಕನ್ನಡ ಚದುರಿತ್ತು, ಅಂಕಿ ಒತ್ತಿಕೊಂಡಿತ್ತು: ಕೋಲಾರದ ಟೊಮ್ಯಾಟೊ ಮಂಡಿಯ ಒಂದು ಪ್ರಿಂಟರ್ ಪ್ರಕರಣ

ಜುಲೈ ಬಂತೆಂದರೆ ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಬೈಕ್ ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಟೊಮ್ಯಾಟೊ ಬಾಕ್ಸುಗಳ ಗೋಡೆಗಳ ನಡುವೆ ಅಡ್ಡಡ್ಡ ನುಸುಳಿಕೊಂಡು ಮಂಡಿ ತಲುಪುವಷ್ಟರಲ್ಲಿ ಪ್ಯಾಂಟಿನ ಅಂಚೆಲ್ಲ ಕೆಂಪು. ಅಂಥ ಒಂದು ಬೆಳಿಗ್ಗೆ ಏಳು ಗಂಟೆಗೆ ಮಂಡಿಯ ಗುಮಾಸ್ತರು ಫೋನ್ ಮಾಡಿದರು. ಅರವತ್ತು ದಾಟಿದ ಮನುಷ್ಯ, ಗಾಬರಿಯಾಗುವವರಲ್ಲ. "ಸಾರ್, ನೀವು ಕೊಡಿಸಿದ ಪ್ರಿಂಟ್ರು ಕನ್ನಡ ಹರಿದು ಹಾಕ್ತಾ ಐತೆ. ಲೆಕ್ಕ ನೋಡಿದ್ರೆ ಒಂದರ ಬೆನ್ನ ಮೇಲೆ ಒಂದು ಕೂತ್ಕೊಂಡೈತೆ. ರೈತರು ಜಗಳಕ್ಕೆ ನಿಂತವ್ರೆ, ಬೇಗ ಬನ್ನಿ."

ಆ ಎರಡು ವಾಕ್ಯದಲ್ಲೇ ರೋಗದ ಹೆಸರಿತ್ತು. ಕನ್ನಡ ಚದುರಿದೆ, ಅಂಕಿ ಒತ್ತಿಕೊಂಡಿದೆ. ನಾನು ಅರ್ಥ ಮಾಡಿಕೊಳ್ಳಲು ನಾಲ್ಕು ದಿನ ತೆಗೆದುಕೊಂಡೆ.

ಜಗಳದ ವಿಷಯ ಮೊದಲು ಹೇಳಿಬಿಡುತ್ತೇನೆ. ಮಂಡಿಯ ಚೀಟಿ ಅಂದರೆ ಮೊದಲೇ ಗೆರೆ ಎಳೆದು ಅಚ್ಚು ಹಾಕಿಸಿದ ಕಾಗದ. ಮೇಲೆ ರೈತನ ಹೆಸರು, ಊರು, ದಿನಾಂಕ ಕನ್ನಡದಲ್ಲಿ. ಕೆಳಗೆ ಆರು ಮನೆ: ಬಾಕ್ಸು ಎಷ್ಟು, ದರ ಎಷ್ಟು, ಒಟ್ಟು, ಲಾರಿ ಬಾಡಿಗೆ, ಮುಂಗಡ, ಕೈಗೆ ಸಲ್ಲುವುದು. ಅಂಕಿಗಳು ಒತ್ತಿಕೊಂಡಿದ್ದರಿಂದ ಆರನೇ ಮನೆಗೆ ಬೀಳಬೇಕಾದ ಮೊತ್ತ ನಾಲ್ಕನೇ ಮನೆಗೆ ಬಿದ್ದಿತ್ತು. ಒಬ್ಬರ ಚೀಟಿಯಲ್ಲಿ ಲಾರಿ ಬಾಡಿಗೆ 18,400 ರೂಪಾಯಿ! "ನನ್ನ ತ್ವಾಟದಿಂದ ಇಲ್ಲಿಗೆ ಹನ್ನೆರಡು ಕಿಲೋಮೀಟ್ರು ಕಣಪ್ಪ, ನಿಮ್ಮ ಲಾರಿ ಕಾಶಿಗೆ ಹೋಗಿ ಬಂತಾ?" ಅಂತ ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

"ಇನ್ನೂ ಡಾಟ್ ಮ್ಯಾಟ್ರಿಕ್ಸ್ ಯಾಕೆ ಇಟ್ಟುಕೊಂಡಿದ್ದೀರಿ, ಲೇಸರ್ ತಗೊಳ್ಳಿ" ಅನ್ನುವವರು ಒಂದು ಸಲ ಮಂಡಿಗೆ ಬಂದು ನಿಲ್ಲಬೇಕು. ಒಂದೇ ಏಟಿಗೆ ಮೂರು ಪ್ರತಿ ಬೇಕು: ಬಿಳಿಯದು ರೈತನಿಗೆ, ಹಳದಿಯದು ಕೊಂಡವನಿಗೆ, ಗುಲಾಬಿಯದು ಮಂಡಿಗೆ. ಸೂಜಿ ರಿಬ್ಬನ್ನಿಗೆ ಹೊಡೆದು ಕಾಗದವನ್ನು ಒತ್ತಿದಾಗ ಮಾತ್ರ ಅಡಿಯ ಹಾಳೆಗಳಿಗೂ ಅಚ್ಚು ಬೀಳುತ್ತದೆ. ಲೇಸರ್, ಇಂಕ್‌ಜೆಟ್ ಎರಡೂ ಕಾಗದವನ್ನು ಒತ್ತುವುದಿಲ್ಲ. ಥರ್ಮಲ್ ಚೀಟಿ ರೈತನ ಜೇಬಿನಲ್ಲಿ ಬೆವರಿಗೂ ಬಿಸಿಲಿಗೂ ಸಿಕ್ಕಿ, ದುಡ್ಡು ಕೈಗೆ ಬರುವ ಮೊದಲೇ ಅಳಿಸಿಹೋಗುತ್ತದೆ. ಹಾಗಾಗಿ ಕಟಕಟ ಸದ್ದು ಮಾಡುವ ಇದೇ ಪ್ರಿಂಟರು.

ಪ್ರಿಂಟರಿಗೆ ಕನ್ನಡ ಬರುವುದಿಲ್ಲ

ಈ ಪ್ರಕರಣ ಅರ್ಥವಾಗಬೇಕಾದರೆ ಒಂದು ಮಾತು ಮನಸ್ಸಿನಲ್ಲಿರಬೇಕು. ಇಂಥ ಹಳೇ ಕಾಲದ ಮಾಮೂಲಿ ಪ್ರಿಂಟರಿನ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು, ಕನ್ನಡ ಇರಲಿಲ್ಲ. ಕಂಪ್ಯೂಟರು ಪ್ರಿಂಟರಿಗೆ ಕಳಿಸುವುದು ಬೈಟು, ಅಂದರೆ 0ಯಿಂದ 255ರ ಒಳಗಿನ ಒಂದೊಂದು ಸಂಖ್ಯೆ. 65 ಅನ್ನುವ ಬೈಟು ಕಳಿಸಿದರೆ ಅದು ಇಂಗ್ಲಿಷಿನ 'ಎ' ಹೊಡೆಯುತ್ತದೆ. 'ಅ' ಹೊಡೆಯಲು ಯಾವ ಬೈಟೂ ಇಲ್ಲ. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಮಾನಕ 1991ರಲ್ಲಿ ಬಂತು, ಕಂಪ್ಯೂಟರಿಗೆ ಭಾರತೀಯ ಲಿಪಿ ಕಲಿಸುವ ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡು ಇತ್ತು, ಎಲ್ಲ ನಿಜ. ಆದರೆ ಕಾಗದದ ಮೇಲೆ ಚುಕ್ಕಿ ಬೀಳುವ ಜಾಗಕ್ಕೆ ಬಂದರೆ ಕನ್ನಡ ಅಕ್ಷರವಲ್ಲ, ಚಿತ್ರ. ಇಂಗ್ಲಿಷಿನವರಿಗೆ ಗ್ರಾಫಿಕ್ಸ್ ಅಂದರೆ ಕಂಪನಿಯ ಲಾಂಛನ, ವರ್ಷಕ್ಕೊಮ್ಮೆ ಹೊಡೆಯುವ ನಕ್ಷೆ. ಅದು ಕೈಕೊಟ್ಟರೆ ಬಿಲ್ಲು ನಿಲ್ಲುವುದಿಲ್ಲ. ನಮಗೆ ಗ್ರಾಫಿಕ್ಸ್ ಕೈಕೊಟ್ಟರೆ ರೈತನ ಹೆಸರೇ ಇಲ್ಲ.

ಮಂಡಿಯ ಲೆಕ್ಕದ ಪ್ರೋಗ್ರಾಮು ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ್ದು. ಬರೆದವರು ಯಾರೋ, ಬಲು ಅಚ್ಚುಕಟ್ಟಿನ ಮನುಷ್ಯರು. ಅವರ ಕನ್ನಡ ಸಾಲು 24 ಚುಕ್ಕಿ ಎತ್ತರ. ಪ್ರಿಂಟರಿನ ತಲೆಯಲ್ಲಿ 9 ಸೂಜಿ, ಚಿತ್ರಕ್ಕೆ ಬಳಸುವುದು 8. ಹಾಗಾಗಿ ಒಂದು ಸಾಲನ್ನು ಮೂರು ಪಟ್ಟಿಯಾಗಿ ಹೊಡೆಯಬೇಕು: ಮೇಲಿನ ಪಟ್ಟಿಯಲ್ಲಿ ತಲೆಕಟ್ಟು ಮತ್ತು ಗುಡಿಸು, ನಡುವಿನದರಲ್ಲಿ ಅಕ್ಷರದ ಮೈ, ಕೆಳಗಿನದರಲ್ಲಿ ಒತ್ತು. ಸೂಜಿಯಿಂದ ಸೂಜಿಗೆ ಅಂತರ ಇಂಚಿನ 72ನೇ ಒಂದು ಭಾಗ. ಅಂದರೆ ಒಂದು ಪಟ್ಟಿ 72ರಲ್ಲಿ 8 ಭಾಗ. ಪಟ್ಟಿ ಮುಗಿದ ಮೇಲೆ ಕಾಗದವೂ ಸರಿಯಾಗಿ ಅಷ್ಟೇ ಸರಿಯಬೇಕು. ಮಾಮೂಲಿ ಇಂಗ್ಲಿಷ್ ಸಾಲಿನಂತೆ ಆರನೇ ಒಂದು ಇಂಚು, ಅಂದರೆ 72ರಲ್ಲಿ 12 ಸರಿದರೆ, ಪಟ್ಟಿಗೂ ಪಟ್ಟಿಗೂ ನಡುವೆ 4 ಭಾಗ ಖಾಲಿ. ಸುಮಾರು ಒಂದೂವರೆ ಮಿಲಿಮೀಟರು. ಕಣ್ಣಿಗೆ ಸಣ್ಣದು, ಅಕ್ಷರಕ್ಕೆ ದೊಡ್ಡದು. 'ವಕ್ಕಲೇರಿ' ಎಂಬ ಊರಿನ ಹೆಸರಿನ ಒತ್ತು ನೆಲಕ್ಕೆ ಬಿದ್ದಿರುತ್ತದೆ, ತಲೆಕಟ್ಟುಗಳೆಲ್ಲ ಮೇಲೆ ಗಾಳಿಪಟ.

ಮೇ ತಿಂಗಳ ಸಿಡಿಲಿಗೆ ಹಳೇ ಕಂಪ್ಯೂಟರು, ಹಳೇ ಪ್ರಿಂಟರು ಎರಡೂ ಒಟ್ಟಿಗೆ ಹೋಗಿದ್ದವು. ಹೊಸ ಕಂಪ್ಯೂಟರು 64 ಬಿಟ್ ವಿಂಡೋಸ್. ಅದರಲ್ಲಿ ಡಾಸಿನ 16 ಬಿಟ್ ಪ್ರೋಗ್ರಾಮು ನೇರವಾಗಿ ಓಡುವುದಿಲ್ಲ, ಹಳೇ ಪ್ರಿಂಟರುಗಳನ್ನು ಸಿಕ್ಕಿಸುತ್ತಿದ್ದ ಪ್ಯಾರಲಲ್ ಪೋರ್ಟೂ ಇಲ್ಲ. ಡಾಸನ್ನು ಅನುಕರಿಸುವ ಡಾಸ್‌ಬಾಕ್ಸ್-ಎಕ್ಸ್ ಹಾಕಿ, ಪ್ರೋಗ್ರಾಮು ಪೋರ್ಟಿಗೆ ಕಳಿಸುವ ಬೈಟುಗಳನ್ನು ಒಂದು ಫೈಲಿಗೆ ಬರೆಯುವಂತೆ ಮಾಡಿದೆ. ಆ ಫೈಲನ್ನು ಎತ್ತಿ ಯುಎಸ್‌ಬಿ ಕೇಬಲ್ ಮೂಲಕ ಪ್ರಿಂಟರಿಗೆ ತಲುಪಿಸಲು ಬ್ಯಾಚ್ ಫೈಲ್ ಬರೆದೆ, ಅಂದರೆ ಕಂಪ್ಯೂಟರಿಗೆ ನಾಲ್ಕು ಸಾಲಿನ ಅಪ್ಪಣೆಗಳ ಪಟ್ಟಿ. ಪ್ರಿಂಟರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ತಂದೆ. ಕಂಪನಿಯ ಹೆಸರಿನ ಫಲಕ ಉದುರಿತ್ತು, ಕೈಪಿಡಿ ಇರಲಿಲ್ಲ. ಅಂಗಡಿಯವನು "ಎಲ್ಲಾದಕ್ಕೂ ಕಂಪ್ಯಾಟಿಬಲ್ ಸಾರ್" ಅಂದ. ಇಂಗ್ಲಿಷಿನ ಸೆಲ್ಫ್ ಟೆಸ್ಟ್ ಚೆನ್ನಾಗಿ ಬಂತು, ನಂಬಿದೆ.

ಎರಡನೇ ಚೀಟಿ

ಮೊದಲ ದಿನ ನಾನು ನೋಡಿದ್ದು ಬರೀ ಮೊದಲ ಚೀಟಿ. ಹೆಸರು ಮೂರು ಹೋಳು, ಅಂಕಿ ಇಕ್ಕಟ್ಟು. ತಲೆಯ ಒಳಗೆ ಏನೋ ಸವೆದಿದೆ, ಕಾಗದ ಎಳೆಯುವ ಮೋಟಾರು ಹಲ್ಲು ತಪ್ಪುತ್ತಿದೆ ಅಂದುಕೊಂಡು ಇಡೀ ಮಧ್ಯಾಹ್ನ ಗೇರುಗಳನ್ನು ಬಿಚ್ಚಿ ಎಣ್ಣೆ ಹಾಕಿದೆ. ಪ್ರಯೋಜನವಾಗಲಿಲ್ಲ.

ಸುಳಿವು ಕೊಟ್ಟವರು ಗುಮಾಸ್ತರೇ. ಎರಡನೇ ದಿನ ಹೋದಾಗ ಅವರು ಒಂದು ಖಾಲಿ ಚೀಟಿ ಹೊಡೆದು ಹರಿದು ಪಕ್ಕಕ್ಕಿಟ್ಟು, ಆಮೇಲೆ ಕೆಲಸ ಶುರು ಮಾಡಿದರು. ಯಾಕೆ ಅಂದೆ. "ಆನ್ ಮಾಡಿದ ಮೇಲೆ ಮೊದಲ್ನೇದು ಮಾತ್ರ ಹೆಸರು ಹರಿಯೋದು ಸಾರ್. ಎರಡ್ನೇದರಿಂದ ಹೆಸರು ಸರಿಯಾಗೇ ಬತ್ತದೆ. ಅಂಕಿ ಮಾತ್ರ ಸರಿ ಹೋಗಲ್ಲ, ಅದನ್ನ ನಾನೇ ಪೆನ್ನಲ್ಲಿ ತಿದ್ದಿ ಕೊಡ್ತೀನಿ."

ಯಂತ್ರದ ಹಲ್ಲು ಸವೆದಿದ್ದರೆ ಮೊದಲ ಚೀಟಿ, ಎರಡನೇ ಚೀಟಿ ಅಂತ ಭೇದ ಮಾಡುವುದಿಲ್ಲ. ಆನ್ ಮಾಡಿದಾಗ ಒಂದು ಸ್ಥಿತಿ, ಒಂದು ಚೀಟಿ ಹೊಡೆದ ಮೇಲೆ ಇನ್ನೊಂದು ಸ್ಥಿತಿ. ಅಂದರೆ ಪ್ರಿಂಟರು ಏನನ್ನೋ ನೆನಪಿಟ್ಟುಕೊಳ್ಳುತ್ತಿದೆ. ಯಂತ್ರ ಬಿಟ್ಟು ಭಾಷೆ ನೋಡಬೇಕು.

ಈ ಪ್ರಿಂಟರುಗಳಿಗೆ ಅಪ್ಪಣೆ ಕೊಡುವುದು ಎಸ್ಕೇಪ್ ಎಂಬ ಬೈಟಿನಿಂದ, ಅದರ ಸಂಖ್ಯೆ 27. ಅದರ ಹಿಂದೆ ಬರುವ ಅಕ್ಷರವೇ ಅಪ್ಪಣೆ. ಫೈಲನ್ನು ಹೆಕ್ಸ್ ವೀಕ್ಷಕದಲ್ಲಿ, ಅಂದರೆ ಬೈಟುಗಳನ್ನು ಸಂಖ್ಯೆಯಾಗಿ ತೋರಿಸುವ ಪ್ರೋಗ್ರಾಮಿನಲ್ಲಿ, ತೆರೆದು ನೋಡಿದರೆ ಪ್ರೋಗ್ರಾಮು ಹೇಳುತ್ತಿದ್ದುದು ಇಷ್ಟೇ. ಎಸ್ಕೇಪ್ ಅಟ್ (@): ಎಲ್ಲ ಮರೆತು ಹೊಸದಾಗಿ ಶುರು ಮಾಡು. ಎಸ್ಕೇಪ್ ಎ, 8: ಸಾಲಿನ ಅಂತರ 72ರಲ್ಲಿ 8. ಎಸ್ಕೇಪ್ ಎಲ್: ಇಂಚಿಗೆ 120 ಚುಕ್ಕಿಯ ಚಿತ್ರದ ಪಟ್ಟಿ. ಹೆಸರು, ಊರು ಮುಗಿದ ಮೇಲೆ ಎಸ್ಕೇಪ್ 2: ಅಂತರ ಮಾಮೂಲಿ ಆರನೇ ಒಂದು ಇಂಚಿಗೆ ಬರಲಿ. ಆಮೇಲೆ ಅಂಕಿಗಳು. ಇದು ಎಪ್ಸನ್ ಕಂಪನಿಯ ಪ್ರಿಂಟರುಗಳ ಶುದ್ಧ ಭಾಷೆ.

ಇಲ್ಲಿ ಸ್ವಲ್ಪ ಹಳೇ ಕಥೆ ಬೇಕು. 1981ರಲ್ಲಿ ಐಬಿಎಂ ತನ್ನ ಪಿಸಿ ಜೊತೆ ಮಾರಿದ ಪ್ರಿಂಟರು ಎಪ್ಸನ್ನಿನ ಎಂಎಕ್ಸ್-80 ಅನ್ನೇ ಹೆಸರು ಬದಲಿಸಿದ್ದು. ಅಲ್ಲಿಂದ ಎರಡು ಮನೆಗಳೂ ಬೇರೆ ಬೇರೆ ಒಲೆ ಹೂಡಿದವು. ಎಪ್ಸನ್ ತನ್ನ ಎಫ್‌ಎಕ್ಸ್ ಪ್ರಿಂಟರುಗಳ ಕಡೆಗೆ, ಐಬಿಎಂ 1985ರ ಪ್ರೊಪ್ರಿಂಟರ್ ಕಡೆಗೆ. ಭಾಗವಾದ ಅಣ್ಣತಮ್ಮಂದಿರ ಮನೆಯಂತೆ ಮುಕ್ಕಾಲು ಮಾತು ಒಂದೇ, ಉಳಿದ ಕಾಲು ಭಾಗದಲ್ಲಿ ಒಂದೇ ಪದಕ್ಕೆ ಬೇರೆ ಅರ್ಥ. ಎಸ್ಕೇಪ್ 4 ಅಂದರೆ ಎಪ್ಸನ್ನಿಗೆ ಓರೆ ಅಕ್ಷರ, ಐಬಿಎಂಗೆ ಪುಟದ ತಲೆ ಇಲ್ಲಿ ಅಂತ ಗುರುತು. ಎಸ್ಕೇಪ್ ಎ ಕೂಡ ಹಾಗೆಯೇ. ಎಪ್ಸನ್ ಅದನ್ನು ಕೇಳಿದ ತಕ್ಷಣ ಅಂತರ ಬದಲಿಸುತ್ತದೆ. ಐಬಿಎಂ ಸಂಖ್ಯೆಯನ್ನು ಕಿವಿಯಲ್ಲಿ ಇಟ್ಟುಕೊಂಡು ಸುಮ್ಮನಿರುತ್ತದೆ, ಎಸ್ಕೇಪ್ 2 ಬಂದಾಗ ಜಾರಿಗೆ ತರುತ್ತದೆ. ಎಪ್ಸನ್ನಿಗೆ ಎಸ್ಕೇಪ್ 2 ಅಂದರೆ "ಮಾಮೂಲಿಗೆ ಬಾ". ಐಬಿಎಂಗೆ "ಆಗ ಹೇಳಿದ್ದನ್ನು ಈಗ ಮಾಡು".

ಈಗ ಗುಮಾಸ್ತರ ಮಾತನ್ನು ಮತ್ತೆ ಓದಿ. ಪ್ರಿಂಟರು ಐಬಿಎಂ ಭಾಷೆಯದು ಅಂತ ಇಟ್ಟುಕೊಳ್ಳಿ. ಆನ್ ಮಾಡಿದಾಗ ಅಂತರ 12. ಎಸ್ಕೇಪ್ ಎ, 8 ಬಂತು, ಕಿವಿಗೆ ಹಾಕಿಕೊಂಡಿತು, ಅಂತರ ಇನ್ನೂ 12. ಕನ್ನಡದ ಪಟ್ಟಿಗಳು ಚದುರಿದವು. ಎಸ್ಕೇಪ್ 2 ಬಂತು, ಅಂತರ 8 ಆಯಿತು. ಅಂಕಿಗಳು ಒತ್ತಿಕೊಂಡವು, ಆರನೇ ಸಾಲು ಆರೆಂಟಲ 48ರಲ್ಲಿ ಬಿತ್ತು, ಅದು 12ರ ಲೆಕ್ಕದ ನಾಲ್ಕನೇ ಮನೆ, ಅಂದರೆ ಲಾರಿ ಬಾಡಿಗೆ. ಎರಡನೇ ಚೀಟಿಯ ತಲೆಯಲ್ಲಿ ಎಸ್ಕೇಪ್ ಅಟ್ ಇತ್ತಲ್ಲ, ಈ ಪ್ರಿಂಟರು ಅದಕ್ಕೆ ಕ್ಯಾರೇ ಅನ್ನಲಿಲ್ಲ. ಅಂತರ 8ರಲ್ಲೇ ನಿಂತಿತ್ತು. ಕನ್ನಡ ಸರಿಯಾಗಿ ಕೂಡಿಕೊಂಡಿತು, ಅಂಕಿ ಮತ್ತೆ ಇಕ್ಕಟ್ಟು. ಒಂದು ಕೂದಲೂ ಆಚೀಚೆ ಇಲ್ಲದಂತೆ ಎಲ್ಲ ಹೊಂದಿತು.

ಊಹೆ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷೆ ಮಾಡಬೇಕು. ಎರಡು ಪರೀಕ್ಷೆ ಮಾಡಿದೆವು; ಕೈಪಿಡಿ ಇಲ್ಲದ ಪ್ರಿಂಟರು ಎದುರಾದವರಿಗೆಲ್ಲ ಇವೆರಡೂ ಉಪಯೋಗಕ್ಕೆ ಬರುತ್ತವೆ. ಮೊದಲನೆಯದು ಸೂಜಿಗಳ ಕ್ರಮಕ್ಕೆ. 27, 75, 8, 0 (ಎಸ್ಕೇಪ್ ಕೆ, ಎಂಟು ಬೈಟಿನ ಚಿತ್ರದ ಪಟ್ಟಿ) ಕಳಿಸಿ, ಅದರ ಹಿಂದೆ 128, 64, 32, 16, 8, 4, 2, 1. ಎಡದಿಂದ ಬಲಕ್ಕೆ ಇಳಿಯುವ ಮೆಟ್ಟಿಲು ಬಂದರೆ ಮೇಲಿನ ಸೂಜಿಗೆ 128, ಎಪ್ಸನ್ ಮತ್ತು ಐಬಿಎಂ ಇಬ್ಬರದೂ ಇದೇ ಕ್ರಮ. ಮೆಟ್ಟಿಲು ಏರಿದರೆ ಕ್ರಮ ತಲೆಕೆಳಗು. ಓಕಿಡೇಟಾ ಎಂಬ ಇನ್ನೊಂದು ಪ್ರಿಂಟರ್ ಕಂಪನಿಯ ಸ್ವಂತ ಭಾಷೆಯಲ್ಲಿ ಮೇಲಿನ ಸೂಜಿಗೆ 1, ಅದೂ ಒಂದು ಸಲಕ್ಕೆ 7 ಸೂಜಿ ಮಾತ್ರ. ಅಂಥದು ಸಿಕ್ಕಿದ್ದರೆ ಈ ಬರಹ ಇನ್ನೂ ಉದ್ದವಾಗುತ್ತಿತ್ತು. ನಮ್ಮದರಲ್ಲಿ ಮೆಟ್ಟಿಲು ಇಳಿಯಿತು, ಎಂಟು ಚುಕ್ಕಿಯೂ ಇದ್ದವು. ಸೂಜಿ ಮುರಿದಿಲ್ಲ ಅನ್ನುವುದಕ್ಕೂ ಅದೇ ಸಾಕ್ಷಿ.

ಎರಡನೆಯದು ಅಂತರಕ್ಕೆ. ಎಸ್ಕೇಪ್ ಎ, 8 ಕಳಿಸಿ ಎರಡು ಸಾಲು, ಎಸ್ಕೇಪ್ 2 ಕಳಿಸಿ ಇನ್ನೆರಡು ಸಾಲು ಏನಾದರೂ ಹೊಡೆಸಿ. ಮೊದಲೆರಡು ಹತ್ತಿರ, ಆಮೇಲಿನವು ದೂರ ಬಂದರೆ ಎಪ್ಸನ್. ಮೊದಲೆರಡು ದೂರ, ಆಮೇಲಿನವು ಹತ್ತಿರ ಬಂದರೆ ಐಬಿಎಂ. ಆನ್ ಮಾಡಿದ ಕೂಡಲೇ ಮಾಡಬೇಕು, ಇಲ್ಲದಿದ್ದರೆ ಹಿಂದಿನ ನೆನಪು ಮೋಸ ಮಾಡುತ್ತದೆ. ನಮ್ಮದು ಐಬಿಎಂ.

ಹಿಂಬದಿಯ ಡಿಪ್ ಸ್ವಿಚ್ ಎಂಬ ಪುಟ್ಟ ಸ್ವಿಚ್‌ಗಳಲ್ಲಿ ಎಪ್ಸನ್‌ಗೆ ಬದಲಿಸುವ ಸ್ವಿಚ್ ಇರಬಹುದೆಂದು ಎಂಟನ್ನೂ ಒಂದೊಂದಾಗಿ ಮೇಲೆ ಕೆಳಗೆ ಮಾಡಿ, ಪ್ರತಿ ಸಲ ಆಫ್ ಆನ್ ಮಾಡಿ ನೋಡಿದೆವು. ಪುಟದ ಉದ್ದ ಬದಲಾಯಿತು, ಸೊನ್ನೆಗೆ ಅಡ್ಡಗೆರೆ ಬಂತು, ಒಂದು ಸ್ವಿಚ್ಚಿಗೆ ಸಾಲುಗಳ ನಡುವೆ ಇನ್ನೊಂದು ಖಾಲಿ ಸಾಲು ಬಂತು. ಭಾಷೆ ಬದಲಾಗಲಿಲ್ಲ. ಕಂಪ್ಯಾಟಿಬಲ್ ಅನ್ನುವ ಮಾತಿನ ಬೆಲೆ ಅಷ್ಟೇ. ಯಾವುದಕ್ಕೆ ಅಂತ ಕೇಳದೆ ತಂದದ್ದು ನನ್ನ ತಪ್ಪು.

ಅರ್ಧ ಪರಿಹಾರ

ಪ್ರೋಗ್ರಾಮನ್ನು ತಿದ್ದುವಂತಿಲ್ಲ, ಅದರ ಮೂಲ ಬರಹ (ಸೋರ್ಸ್ ಕೋಡ್) ಯಾರ ಬಳಿಯೂ ಇಲ್ಲ. ಪ್ರಿಂಟರು ಬದಲಾಗುವುದಿಲ್ಲ. ಉಳಿದದ್ದು ನಡುವಿನ ದಾರಿ: ಬೈಟುಗಳು ಹೇಗೂ ಫೈಲಿನಲ್ಲಿ ಬಂದು ಕೂರುತ್ತವೆ, ಅಲ್ಲಿ ಒಬ್ಬ ದುಭಾಷಿಯನ್ನು ಕೂರಿಸುವುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯೋಣ ಅಂತ ನಮ್ಮ ಅಂಗಡಿಯ ಹುಡುಗ ಲ್ಯಾಪ್‌ಟಾಪ್ ತೆಗೆದ.

ಎಲ್ಲರೂ ಹೇಳುವ ಪರಿಹಾರ, ಎಸ್ಕೇಪ್ ಎ, 8ರ ಬೆನ್ನಿಗೆ ಒಂದು ಎಸ್ಕೇಪ್ 2 ಸೇರಿಸಿಬಿಡುವುದು. ಸೇರಿಸಿದೆವು. ಮೊದಲ ಚೀಟಿಯಲ್ಲೇ ಕನ್ನಡ ಕೂಡಿಕೊಂಡಿತು, ಹುಡುಗ ಚಪ್ಪಾಳೆ ತಟ್ಟಿದ. ಅಂಕಿ ಮಾತ್ರ ಇಕ್ಕಟ್ಟಾಗೇ ಇತ್ತು. ಇರಲೇಬೇಕು: ಪ್ರೋಗ್ರಾಮು ಕೊನೆಗೆ ಕಳಿಸುವ ಎಸ್ಕೇಪ್ 2 ಕೂಡ ಕಿವಿಯಲ್ಲಿರುವ 8ನ್ನೇ ಮತ್ತೆ ಜಾರಿ ಮಾಡುತ್ತದೆ. ಆ ಸಲಹೆ ಪುಟ ತುಂಬ ಚಿತ್ರ ಹೊಡೆಯುವವರಿಗೆ ಸಾಕು. ಚಿತ್ರದ ಕೆಳಗೆ ಅಕ್ಷರವೂ ಬೇಕಾದ ನಮ್ಮಂಥವರಿಗೆ ಅರ್ಧ ಔಷಧಿ.

ಸರಿಯಾದ ದಾರಿ ಎಸ್ಕೇಪ್ ಎ ಅನ್ನೇ ಬಿಟ್ಟುಬಿಡುವುದು. ಎಸ್ಕೇಪ್ 3 ಎಂಬ ಇನ್ನೊಂದು ಅಪ್ಪಣೆ ಅಂತರವನ್ನು ಇಂಚಿನ 216ನೇ ಭಾಗಗಳಲ್ಲಿ ಹೇಳುತ್ತದೆ. 9 ಸೂಜಿಯ ಎಪ್ಸನ್ನೂ ಐಬಿಎಂ ಕೂಡ ಅದನ್ನು ಒಂದೇ ಅರ್ಥದಲ್ಲಿ, ಕೂಡಲೇ ಜಾರಿ ಮಾಡುತ್ತವೆ. 216ರಲ್ಲಿ 24 ಅಂದರೆ 72ರಲ್ಲಿ 8. 216ರಲ್ಲಿ 36 ಅಂದರೆ ಆರನೇ ಒಂದು ಇಂಚು. ಹಾಗಾಗಿ ಎಸ್ಕೇಪ್ ಎ, 8 ಬಂದಲ್ಲಿ ಎಸ್ಕೇಪ್ 3, 24. ಎಸ್ಕೇಪ್ 2 ಬಂದಲ್ಲಿ ಎಸ್ಕೇಪ್ 3, 36. ಯಾರ ನೆನಪನ್ನೂ ನಂಬಬೇಕಾಗಿಲ್ಲ. 24 ಸೂಜಿಯ ಎಪ್ಸನ್‌ಗಳಲ್ಲಿ ಇದೇ ಎಸ್ಕೇಪ್ 3 ಇಂಚಿನ 180ನೇ ಭಾಗಗಳ ಲೆಕ್ಕ, ಅಲ್ಲಿ ಈ ಸಂಖ್ಯೆಗಳು ನಡೆಯುವುದಿಲ್ಲ.

ಅಂಕಿ ತಮ್ಮ ತಮ್ಮ ಮನೆ ಸೇರಿದವು. ಮೂರನೇ ದಿನ ಸಂಜೆ ಯಜಮಾನರು ಕಾಫಿ ತರಿಸಿದರು. ಕಾಫಿ ಮುಗಿಯುವ ಮೊದಲೇ ಗುಮಾಸ್ತರು ಇನ್ನೊಂದು ಹಾಳೆ ತಂದು ಮುಂದೆ ಇಟ್ಟರು.

ಅಮ್ಮನವರ ಓಲೆ

ಅದು ವಾರದ ಲೆಕ್ಕದ ಹಾಳೆ, ದೊಡ್ಡ ರೈತರಿಗೆ ಶನಿವಾರ ಕೊಡುವುದು. ಅದರ ನೆತ್ತಿಯಲ್ಲಿ ಊರ ದೇವತೆ ಕೋಲಾರಮ್ಮನ ಎರಡಿಂಚು ಚೌಕದ ಚಿತ್ರ ಬರಬೇಕು. ಬಂದದ್ದು ಇಂಗ್ಲಿಷ್ ಅಕ್ಷರ, ಪ್ರಶ್ನೆ ಗುರುತು, ಡಾಲರು, ಗೆರೆಗಳ ಚಿಂದಿ. ನಡುವೆ ಎರಡು ಸಲ ಪ್ರಿಂಟರು ಕಿರ್ರ್ ಅಂದು ಕಾಗದವನ್ನು ಇಡೀ ಪುಟ ಮುಂದಕ್ಕೆ ತಳ್ಳಿತ್ತು.

ಚಿತ್ರದ ಬೈಟುಗಳನ್ನು ಪ್ರಿಂಟರು ಅಕ್ಷರ ಅಂದುಕೊಂಡಾಗ ಆಗುವುದು ಇದೇ. ಚಿತ್ರದೊಳಗೆ 12 ಎಂಬ ಬೈಟು ಬಂದರೆ ಅದು ಪುಟ ತಳ್ಳು ಅನ್ನುವ ಅಪ್ಪಣೆ. ಕಾರಣ ಹುಡುಕಲು ಹೊತ್ತಾಗಲಿಲ್ಲ. ಹೆಸರಿಗೆ ಎಸ್ಕೇಪ್ ಎಲ್ ಬಳಸಿದ ಪುಣ್ಯಾತ್ಮರು ಅಮ್ಮನಿಗೆ ಮಾತ್ರ ಎಸ್ಕೇಪ್ ನಕ್ಷತ್ರ (*), 5 ಬಳಸಿದ್ದರು. ಅದು ಇಂಚಿಗೆ 72 ಚುಕ್ಕಿಯ ಚಿತ್ರ, ಅಡ್ಡಕ್ಕೂ ಉದ್ದಕ್ಕೂ ಅಳತೆ ಒಂದೇ, ದುಂಡು ಮುಖ ದುಂಡಾಗೇ ಬರುತ್ತದೆ. ಯೋಚನೆ ಸರಿಯಾದದ್ದೇ. ಆದರೆ ಈ ಪ್ರಿಂಟರಿಗೆ ಆ ನಕ್ಷತ್ರ ಗೊತ್ತಿಲ್ಲ. ಗೊತ್ತಿರುವುದು ಇಂಚಿಗೆ 60ರ ಎಸ್ಕೇಪ್ ಕೆ, 120ರ ಎಸ್ಕೇಪ್ ಎಲ್, ಜೊತೆಗೆ ಇನ್ನೆರಡು.

60ಕ್ಕೆ ಇಳಿಸಿದರೆ 144 ಚುಕ್ಕಿಯ ಚಿತ್ರ ಎರಡಿಂಚಿನ ಬದಲು 2.4 ಇಂಚು ಅಗಲವಾಗುತ್ತದೆ. ಇಲ್ಲವೆಂದರೆ ಆರಕ್ಕೊಂದು ಕಂಬಸಾಲನ್ನು, ಅಂದರೆ ಮೇಲಿಂದ ಕೆಳಕ್ಕೆ ನಿಂತ ಚುಕ್ಕಿಗಳ ಸಾಲನ್ನು, ಕಿತ್ತು ಹಾಕಬೇಕು. ಯಜಮಾನರಿಗೆ ಎರಡನ್ನೂ ವಿವರಿಸಿದೆ. "ಅಮ್ಮನೋರು ಸ್ವಲ್ಪ ದಪ್ಪ ಆದ್ರೂ ಪರವಾಗಿಲ್ಲ ಕಣಪ್ಪ, ಒಂದು ಗೆರೆನೂ ಕೀಳಬ್ಯಾಡ" ಅಂದರು. ಕಡೆಗೆ ದಪ್ಪವನ್ನೂ ಮಾಡಲಿಲ್ಲ. 72 ಮತ್ತು 120ರ ಸಂಬಂಧ 3ಕ್ಕೆ 5. ಪ್ರತಿ ಮೂರು ಕಂಬಸಾಲಿಗೆ ಮೊದಲೆರಡನ್ನು ಎರಡೆರಡು ಸಲ, ಮೂರನೆಯದನ್ನು ಒಂದು ಸಲ ಹೊಡೆದರೆ 144 ಹೋಗಿ 240 ಆಗುತ್ತದೆ. ಇಂಚಿಗೆ 120ರ ಲೆಕ್ಕದಲ್ಲಿ ಸರಿಯಾಗಿ ಎರಡಿಂಚು. ಕೆಲವು ಗೆರೆ ಚೂರು ಬಲಿತವು. ಕೀಳಲಿಲ್ಲ.

ಹುಡುಗ ಇದನ್ನು ಬರೆದು, ಅಂತರದ ಬದಲಾವಣೆಗೆ ಮಾತ್ರ ಇಡೀ ಫೈಲಿಗೆ ಒಮ್ಮೆ ಹುಡುಕು-ಬದಲಿಸು ಹಾಕಿದ್ದ: ಎಲ್ಲಿ 27, 50 (ಎಸ್ಕೇಪ್ 2) ಕಂಡರೂ 27, 51, 36 (ಎಸ್ಕೇಪ್ 3, 36) ಮಾಡು. ಹಾಳೆ ಬಂತು. ಅಮ್ಮನವರು ಸೊಗಸಾಗಿ ಬಂದಿದ್ದರು, ಆದರೆ ಬಲಗಡೆ ಕಿವಿಯ ನೇರಕ್ಕೆ, ಚಿತ್ರದ ಅಂಚಿನಾಚೆ, ಒಂದು ಅಟ್ ಗುರುತು. ಎಷ್ಟು ಹಾಳೆ ಹೊಡೆದರೂ ಅದೇ ಜಾಗದಲ್ಲಿ. ಗುಮಾಸ್ತರು ಕನ್ನಡಕ ಏರಿಸಿ ನೋಡಿ, "ಓಲೆ ಹಾಕಿದ್ದೀರಾ? ಒಂದೇ ಕಿವಿಗಾ?" ಅಂದರು.

ಓಲೆಯ ಕಥೆ ಹೀಗೆ. ಚಿತ್ರದ ಬೈಟು ಬರೀ ಚುಕ್ಕಿಗಳ ಲೆಕ್ಕ, ಅದರಲ್ಲಿ 27 ಬರಬಹುದು, ಪಕ್ಕದಲ್ಲೇ 50 ಕೂಡ ಬರಬಹುದು. ಅಲ್ಲಿ ಅದು ಅಪ್ಪಣೆಯಲ್ಲ, ಅಮ್ಮನವರ ಕೂದಲೋ ಹಾರವೋ. ಆ ಪಟ್ಟಿಯಲ್ಲಿ ಅಂಥ ಜೋಡಿ ಒಂದಿತ್ತು. ಎರಡು ಬೈಟು ಇದ್ದಲ್ಲಿ ಮೂರು ಮಾಡಿದ್ದರಿಂದ ಪಟ್ಟಿ 241 ಆಯಿತು. ಪ್ರಿಂಟರು ಹೇಳಿದಷ್ಟೇ, 240 ಎಣಿಸಿ, ಉಳಿದ ಕೊನೆಯದನ್ನು ಅಕ್ಷರ ಅಂತ ಹೊಡೆಯಿತು. ಅಂಚಿನ ಚೌಕಟ್ಟಿನ ಆ ಒಂದು ಚುಕ್ಕಿಯ ಬೈಟು 64, ಅಂದರೆ ಅಟ್ ಗುರುತು.

ಹುಡುಕು-ಬದಲಿಸು ಕಿತ್ತು ಹಾಕಿ ದುಭಾಷಿಗೆ ಎಣಿಸುವುದನ್ನು ಕಲಿಸಿದೆವು. 27 ಕಂಡರೆ ಮುಂದಿನ ಬೈಟು ನೋಡು. ಅದು ಚಿತ್ರದ ಅಪ್ಪಣೆಯಾದರೆ ಆಮೇಲಿನ ಎರಡು ಬೈಟಿನಲ್ಲಿ ಎಣಿಕೆ ಇದೆ: ಮೊದಲನೆಯದು, ಜೊತೆಗೆ ಎರಡನೆಯದರ 256 ಪಟ್ಟು. 88 ಮತ್ತು 2 ಬಂದರೆ 600. ಅಷ್ಟು ಬೈಟುಗಳನ್ನು ಕಣ್ಣು ಮುಚ್ಚಿಕೊಂಡು ದಾಟಿಸು, ಒಳಗೆ ಏನಿದೆ ಅಂತ ಇಣುಕಬೇಡ. ಉಳಿದ ಅಪ್ಪಣೆಗಳಿಗೂ ಯಾವುದಕ್ಕೆ ಎಷ್ಟು ಬೈಟಿನ ಬಾಲ ಅಂತ ಗೊತ್ತಿರಬೇಕು. ಇಡೀ ಕೈಪಿಡಿ ಬೇಕಾಗಲಿಲ್ಲ; ಒಂದು ವಾರದ ಚೀಟಿಗಳ ಫೈಲುಗಳನ್ನು ಜರಡಿ ಹಿಡಿದರೆ ಆ ಪ್ರೋಗ್ರಾಮು ಬಳಸುತ್ತಿದ್ದ ಅಪ್ಪಣೆಗಳು ಒಟ್ಟು ಒಂಬತ್ತೇ. ಫೈಲನ್ನು ಬೈನರಿಯಾಗಿ, ಅಂದರೆ ಬೈಟುಗಳು ಇದ್ದದ್ದು ಇದ್ದಂತೆ, ತೆರೆಯಬೇಕು ಅನ್ನುವುದನ್ನು ಪೈಥಾನ್ ಬಳಸುವವರು ಮರೆಯಬಾರದು. ವಿಂಡೋಸಿನಲ್ಲಿ ಪಠ್ಯವಾಗಿ ತೆರೆದು ಬರೆದರೆ ಪ್ರತಿ 10ರ ಮುಂದೆ ಒಂದು 13 ತಾನಾಗಿ ಸೇರಿಕೊಳ್ಳುತ್ತದೆ, ಚಿತ್ರದ ಒಳಗೂ. ಎಲ್ಲ ಸೇರಿ ಅರವತ್ತು ಸಾಲಿನ ಪ್ರೋಗ್ರಾಮು.

ವಕ್ಕಲೇರಿ

ಇಷ್ಟಾದ ಮೇಲೂ ಒಂದು ಕಾಟ ಉಳಿದಿತ್ತು. ಮೊದಲ ದಿನದಿಂದಲೂ ಇತ್ತಂತೆ, ಉಳಿದ ಗಲಾಟೆಯಲ್ಲಿ ಯಾರೂ ಗಮನಿಸಿರಲಿಲ್ಲ. ಗುಮಾಸ್ತರು ಹೇಳಿದ್ದು: "ವಕ್ಕಲೇರಿ ಕಡೆಯೋರ ಚೀಟಿ ಅರ್ಧಕ್ಕೆ ನಿಲ್ತದೆ ಸಾರ್. ಅವರ ಹಿಂದೆ ಯಾರು ಬತ್ತಾರೋ ಅವರದೂ ಕೆಡ್ತದೆ. ಬೇರೆ ಊರಿನೋರಿಗೆ ತೊಂದರೆ ಇಲ್ಲ."

ಊರಿನ ಮೇಲೆ ಪ್ರಿಂಟರಿಗೆ ಯಾಕೆ ಹಗೆ? ಯಜಮಾನರ ಅಳಿಯ ವೈರಸ್ ಅಂದ. ನಾನು ನಗಲಿಲ್ಲ, ನನಗೂ ಬೇರೆ ತೋಚಿರಲಿಲ್ಲ.

ಕಳಿಸಿದ್ದನ್ನು ಫೈಲಿನಲ್ಲಿ ನೋಡಬಹುದು. ತಲುಪಿದ್ದನ್ನು ನೋಡುವುದು ಹೇಗೆ? ಹಳೇ ಪ್ರಿಂಟರುಗಳಲ್ಲಿ ಹೆಕ್ಸ್ ಡಂಪ್ ಎಂಬ ಒಂದು ಸೌಕರ್ಯ ಉಂಟು. ಎಪ್ಸನ್ ಎಫ್‌ಎಕ್ಸ್, ಎಲ್‌ಎಕ್ಸ್‌ಗಳಲ್ಲಿ ಸಾಲು ತಳ್ಳುವ, ಪುಟ ತಳ್ಳುವ ಎರಡೂ ಗುಂಡಿ ಒತ್ತಿ ಹಿಡಿದು ಆನ್ ಮಾಡಿದರೆ, ಆಮೇಲೆ ಬರುವ ಪ್ರತಿ ಬೈಟನ್ನೂ ಚಿತ್ರವಾಗಿ ಅಲ್ಲ, ಸಂಖ್ಯೆಯಾಗಿಯೇ ಹೊಡೆಯುತ್ತದೆ. ನಮ್ಮದರಲ್ಲೂ ಅದೇ ಗುಂಡಿಗಳು ಕೆಲಸ ಮಾಡಿದವು. ವಕ್ಕಲೇರಿಯ ಒಂದು ಚೀಟಿ ಕಳಿಸಿ, ಕಾಗದದ ಮೇಲಿನ ಸಂಖ್ಯೆಗಳನ್ನು ತೆರೆಯ ಮೇಲಿನ ಫೈಲಿನ ಪಕ್ಕ ಇಟ್ಟು ಬೆರಳಿನಿಂದ ಒಂದೊಂದೇ ತಾಳೆ ನೋಡುತ್ತ ಹೋದೆವು. ಊರಿನ ಹೆಸರಿನ ನಡುವಿನ ಪಟ್ಟಿಯಲ್ಲಿ ಕಾಗದ ನಿಂತುಹೋಗಿತ್ತು. ಫೈಲಿನಲ್ಲಿ ಅಲ್ಲಿ ಮುಂದಿನ ಬೈಟು 26.

ಡಾಸಿನ ಕಾಲದಿಂದ 26 ಅಂದರೆ ಕಂಟ್ರೋಲ್-ಝಡ್, ಕಡತ ಮುಗಿಯಿತು ಅನ್ನುವ ಗುರುತು. ಚಿತ್ರದಲ್ಲಿ ಅದು 16, 8, 2ರ ಮೊತ್ತ. ಮೇಲಿಂದ ನಾಲ್ಕನೇ, ಐದನೇ, ಏಳನೇ ಸೂಜಿ ಹೊಡೆಯಲಿ ಅಂತ ಅರ್ಥ. ಆ ಪ್ರೋಗ್ರಾಮಿನ ಅಕ್ಷರಗಳಲ್ಲಿ ಅಂಥ ಕಂಬಸಾಲು ವಕ್ಕಲೇರಿಯ ತಿರುವಿನಲ್ಲಿ ಬರುತ್ತಿತ್ತು, ಮಾಲೂರು, ಮುಳಬಾಗಿಲಿನಲ್ಲಿ ಬರುತ್ತಿರಲಿಲ್ಲ. ಫೈಲನ್ನು ಪ್ರಿಂಟರಿಗೆ ದಾಟಿಸುವ ಕಾಪಿ ಅಪ್ಪಣೆ ಮುಂದೆ ಸ್ಲ್ಯಾಶ್ ಬಿ (/b) ಇಲ್ಲದಿದ್ದರೆ ಪ್ರಿಂಟರಿನಂಥ ಸಾಧನಕ್ಕೆ ಪಠ್ಯದ ರೀತಿಯಲ್ಲಿ ಕಳಿಸುತ್ತದೆ, 26 ಕಂಡಲ್ಲಿ ಮುಗಿಯಿತು ಅಂತ ಕೈ ತೊಳೆದುಕೊಳ್ಳುತ್ತದೆ. ಅತ್ತ ಪ್ರಿಂಟರು ಪಟ್ಟಿಯ ಉಳಿದ ಬೈಟುಗಳಿಗೆ ಕಾಯುತ್ತ ಕೂತಿರುತ್ತದೆ. ಮುಂದಿನ ರೈತನ ಚೀಟಿ ಬಂದಾಗ ಅದರ ತಲೆಯನ್ನೇ ಚುಕ್ಕಿಯಾಗಿ ನುಂಗುತ್ತದೆ. ಅವರ ಹಿಂದೆ ಬಂದವರದೂ ಕೆಡುತ್ತದೆ ಅಂದರಲ್ಲ, ಅದಕ್ಕೆ.

ಆ ಬ್ಯಾಚ್ ಫೈಲ್ ಬರೆದದ್ದು ನಾನೇ. ಸ್ಲ್ಯಾಶ್ ಬಿ ಎರಡು ಅಕ್ಷರ, ಮರೆತಿದ್ದೆ. ಸೇರಿಸುವಾಗ ಹುಡುಗ ಪಕ್ಕದಲ್ಲೇ ನಿಂತಿದ್ದ, ಓಲೆಯ ವಿಷಯಕ್ಕೆ ನಾನು ಅವನನ್ನು ರೇಗಿಸಿದ್ದು ಇಬ್ಬರಿಗೂ ನೆನಪಿತ್ತು. "ಅಣ್ಣಾ, ಟೀ ಹೇಳ್ಲಾ?" ಅಂದ, ಅಷ್ಟೇ.

ಇನ್ನೊಂದು ಸಣ್ಣ ವಿಷಯ. ತಲೆ ಎಡದಿಂದ ಹೋಗುವಾಗ ಒಂದು ಪಟ್ಟಿ, ಬಲದಿಂದ ಬರುವಾಗ ಇನ್ನೊಂದು ಹೊಡೆಯುತ್ತಿದ್ದರಿಂದ ಮೂರು ಪಟ್ಟಿಗಳು ಒಂದರ ಕೆಳಗೊಂದು ನೆಟ್ಟಗೆ ಕೂರದೆ ಅಕ್ಷರ ಸೊಂಟ ತಿರುಗಿಸಿಕೊಂಡಂತೆ ಕಾಣುತ್ತಿತ್ತು. ಸವೆದ ಪ್ರಿಂಟರಿನಲ್ಲಿ ಇದು ಸಹಜ. ಎಸ್ಕೇಪ್ ಯು, 1 ಕಳಿಸಿದರೆ ಒಂದೇ ದಿಕ್ಕಿನಲ್ಲಿ ಹೊಡೆಯುತ್ತದೆ, ನೆಟ್ಟಗೆ ಬರುತ್ತದೆ, ನಿಧಾನವಾಗುತ್ತದೆ. ಹರಾಜು ಮುಗಿದು ರೈತರು ಮುತ್ತಿಕೊಂಡ ಹೊತ್ತಿನಲ್ಲಿ ಆ ನಿಧಾನ ಯಾರಿಗೂ ಬೇಡ. ಹೆಸರಿನ ಭಾಗಕ್ಕೆ ಮಾತ್ರ ಒಂದು ದಿಕ್ಕು, ಅಂಕಿಗೆ ಬಂದಾಗ ಎಸ್ಕೇಪ್ ಯು, 0 ಹಾಕಿ ಎರಡೂ ದಿಕ್ಕು ಮಾಡಿದೆವು. ಇದಕ್ಕಿಂತ ಚೆನ್ನಾಗಿ ಆ ಪ್ರಿಂಟರಿನಿಂದ ಬರುವುದಿಲ್ಲ, ಬರಬೇಕೆಂದು ಯಾರೂ ಕೇಳಲೂ ಇಲ್ಲ.

ದುಭಾಷಿ ಪ್ರೋಗ್ರಾಮಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಯಜಮಾನರ ಬೀರುವಿನಲ್ಲಿ ಇಡಿಸಿದ್ದೇನೆ. ಪ್ರಿಂಟರಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ಐಬಿಎಂ ಮಾತ್ರ, ಎಪ್ಸನ್ ಇಲ್ಲ, ಎಸ್ಕೇಪ್ ಅಟ್ ಕೇಳುವುದಿಲ್ಲ, ನಕ್ಷತ್ರ ಗೊತ್ತಿಲ್ಲ. ಮುಂದೆ ಯಾರಾದರೂ ಬಿಚ್ಚಿದರೆ ನನ್ನಂತೆ ಗೇರುಗಳಿಗೆ ಎಣ್ಣೆ ಹಾಕುತ್ತ ಕೂರಬಾರದು.

ಮೊನ್ನೆ ರಿಬ್ಬನ್ ಕೊಡಲು ಹೋದಾಗ ನೋಡಿದೆ, ಗುಮಾಸ್ತರು ಈಗಲೂ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಹೆಸರು ಹಾಕದೆ ಒಂದು ಚೀಟಿ ಹೊಡೆಯುತ್ತಾರೆ. ಇನ್ನು ಅದರ ಅಗತ್ಯ ಇಲ್ಲ ಸ್ವಾಮಿ, ಮೊದಲನೆಯದೇ ಸರಿಯಾಗಿ ಬರುತ್ತದೆ ಅಂದೆ. "ಗೊತ್ತು ಬಿಡಿ ಸಾರ್" ಅನ್ನುತ್ತ ಅದನ್ನು ನಾಲ್ಕು ಮಡಿಕೆ ಮಡಚಿ, ಗೋಡೆಯ ಮೇಲಿನ ಕೋಲಾರಮ್ಮನ ಫೋಟೊ ಹಿಂದೆ ಸಿಕ್ಕಿಸಿದರು. ಅಲ್ಲಿ ಆಗಲೇ ಒಂದು ಕಂತೆ ಇತ್ತು.